ಮೀಟರ್ ಕಟ್ಟಿಹಾಕಿದ ಹೆಂಗಸು

ನಾನು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಕರೆಂಟಿನ ಮೀಟರ್ ಓದಿ ಹೊಟ್ಟೆ ಹೊರೆದವನು. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದೆ. ನಿವೃತ್ತನಾದ ಮೇಲೆ ಬೈಲಹೊಂಗಲದಲ್ಲಿದ್ದೇನೆ. ನಾನಾಡಿದ ಒಂದು ಹಗುರ ಮಾತಿನಿಂದ ಒಬ್ಬ ತಾಯಿಗೆ ಮಗಳ ಮುಖ ಕಾಣದಂತಾಗಿತ್ತು. ಅದು ಗೊತ್ತಾದದ್ದು ಹೋದ ವರ್ಷ, ನಮ್ಮದೇ ಮನೆಯಲ್ಲಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕುಳಿತಾಗ.

ನಮ್ಮ ಮೇಲಿನ ಖೋಲಿಗೆ ಮೈಸೂರು ಕಡೆಯ ಹುಡುಗಿಯೊಬ್ಬಳು ಬಾಡಿಗೆಗೆ ಬಂದಿದ್ದಳು. ಸಮಾಜಶಾಸ್ತ್ರದಲ್ಲಿ ಸಂಶೋಧನೆ ಮಾಡುವವಳು. ಈಗಿನ ಕಾಲದಲ್ಲಿ ಮಾಟ ಮಂತ್ರ ಕಲಿಯುವವರು ಯಾರು, ಗುಂಪು ಕಟ್ಟಿಕೊಂಡು ಏನು ಮಾಡುತ್ತಾರೆ ಎನ್ನುವುದು ಅವಳ ವಿಷಯ. ಕಿತ್ತೂರಿನಲ್ಲಿ ಮೊಬೈಲ್ ನೋಡಿ ನೆಲದ ಮೇಲೆ ಚಕ್ರ ಬರೆಯುವ ಪದವೀಧರರು ಸಿಕ್ಕರು. ಸವದತ್ತಿಯಲ್ಲಿ ಒಬ್ಬ ಟೇಲರ್ ತನ್ನ ಗೆಳೆಯರನ್ನು ಕೂಡಿಸಿಕೊಂಡು ಕನ್ನಡಿಯೊಳಗೆ ಸತ್ತವರನ್ನು ಕರೆಯುತ್ತಿದ್ದ. ಅವಳು ಎಲ್ಲರ ನಡುವೆಯೂ ಕುಳಿತು ಬರುತ್ತಿದ್ದಳು. ನಾನು ನಕ್ಕರೆ, “ಅವರು ಸರಿಯೋ ತಪ್ಪೋ ನೋಡೋಕೆ ಬಂದಿಲ್ಲ ಸಾರ್, ಕೇಳಿಸ್ಕೊಳ್ಳೋಕೆ ಬಂದಿದೀನಿ” ಅನ್ನುತ್ತಿದ್ದಳು.

ಆದರೆ ನಮ್ಮ ಕಡೆಯ ಮಾತು ಅವಳಿಗೆ ಅರ್ಧ ತಿಳಿಯುತ್ತಿರಲಿಲ್ಲ. ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸಲು ನನ್ನನ್ನು ಕೇಳಿದಳು. ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಳು. “ಜೀವಮಾನ ಪೂರಾ ಮಂದಿ ಮನಿ ಡಬ್ಬಿ ನೋಡಿದ್ರಿ, ಈಗ ಮಂದಿ ಮನಸ್ಸಿನಾಗ ಇಣಕಾಕ ಹೊಂಟ್ರಿ” ಎಂದು ನನ್ನ ಹೆಂಡತಿ ಆಡಿಕೊಂಡಳು.

ರಾಮದುರ್ಗದಲ್ಲಿ ಸೀರೆ ಬಟ್ಟೆ ಮಾರುವ ಅರಿವೆ ಅಂಗಡಿಯ ಮೇಲಿನ ಖೋಲಿಯಲ್ಲಿ ಮಂಗಳವಾರ ಮಧ್ಯಾಹ್ನ ಏಳೆಂಟು ಹೆಂಗಸರು ಸೇರುತ್ತಿದ್ದರು. ದೃಷ್ಟಿ ತೆಗೆಯುವುದು, ಮಾಟ ಬಿಡಿಸುವುದು ಅವರ ಕೆಲಸ. ಅವರಲ್ಲಿ ವಯಸ್ಸಾದವಳೊಬ್ಬಳ ಮಾತನ್ನು ಒಂದು ದಿನ ಇಯರ್‌ಫೋನಿನಲ್ಲಿ ಕೇಳುತ್ತ ಬರೆದುಕೊಳ್ಳುತ್ತಿದ್ದೆ.

“ನಾ ಏನೂ ಮಾಡಿದಾಕಿ ಅಲ್ಲ ಯವ್ವಾ. ಸಾಲಹಳ್ಳಿ ಬಾಜೂ ನಮ್ಮೂರು. ಗಂಡ ಸತ್ತಿದ್ದ. ಮನ್ಯಾಗ ಲೈಟ್ ಉರೀತಿತ್ತು, ಮೀಟರ್ ತಿರಗ್ತಿರಲಿಲ್ಲ. ಬರಕೊಳ್ಳಾಕ ಬಂದಾಂವ ಆಚಿಮನಿ ಕಟ್ಟಿ ಮ್ಯಾಲೆ ಕುಂತು, ಆಕಿ ಮಂತ್ರಾ ಹಾಕಿ ಮೀಟರ್ ಕಟ್ಟಿಹಾಕ್ಯಾಳ, ನಾಳೆ ನಿಮ್ಮನ್ಯಾಗ ಏನ್ ಕಟ್ಟತಾಳೋ ನೋಡ್ಕೋರಿ ಅಂದ. ಅದ ವಾರ ಅವರ ಎಮ್ಮಿ ಹಾಲ ಕೊಡೂದು ಬಿಟ್ಟಿತು. ಕರೆಂಟಿನ ಸಾಹೇಬ್ರ ಹೇಳ್ಯಾರ ಅಂದಮ್ಯಾಲ ಸುಳ್ಳಿರತೈತೇನು ಅಂದ್ರು ಊರವರು.”

ನಾನು ಪೆನ್ನು ಕೆಳಗಿಟ್ಟೆ. ಆ ಕಟ್ಟೆ ನೆನಪಿತ್ತು. ಆ ಮನೆಯವರು ಕೊಟ್ಟ ಮಜ್ಜಿಗೆ, ನನ್ನ ಮಾತಿಗೆ ಬಿದ್ದ ನಗು, ಎಲ್ಲ ನೆನಪಿತ್ತು. ಆ ಮೀಟರಿನ ಗಾಜಿನೊಳಗೆ ಇರುವೆ ಗೂಡು ಕಟ್ಟಿದ್ದವು. ಅದನ್ನು ಕಣ್ಣಾರೆ ಕಂಡಿದ್ದೆ. ಕೆಟ್ಟಿದೆ ಎಂದು ಬರೆದರೆ ಮತ್ತೆ ಎರಡು ಸಲ ಬರಬೇಕಾಗುತ್ತದೆಂದು ಹಿಂದಿನ ತಿಂಗಳ ಅಂಕಿಯನ್ನೇ ಬರೆದು, ಅವರನ್ನು ನಗಿಸಿ ಎದ್ದು ಬಂದಿದ್ದೆ.

ಧ್ವನಿ ಮುಂದುವರಿದಿತ್ತು. “ಮಗಳನ್ನ ಹೂಲಿಗೆ ಕೊಟ್ಟೇನಿ. ಊರ ಮಾತು ಅಲ್ಲೀತನಾ ಮುಟ್ಟಿತ್ತು. ಚೊಚ್ಚಲ ಬಾಣಂತನಕ್ಕ ಕರಿಯಾಕ ಹೋದ್ರ ಬಾಗಲದಾಗ ನಿಂದರಿಸಿ ಕಳಿಸಿದ್ರು. ಆಕೀನೂ ಬರಗೊಡಲಿಲ್ಲ. ಮೊಮ್ಮಗಳಿಗೆ ಈಗ ಒಂಬತ್ತು. ನಾ ನೋಡೇ ಇಲ್ಲ.”

“ಮತ್ತೆ ಈ ಗುಂಪಿಗೆ ಯಾಕೆ ಸೇರಿದ್ರಿ?” ಎಂದು ನಮ್ಮ ಹುಡುಗಿ ಕೇಳಿದಳು.

“ಮಾಡದಿದ್ರೂ ಹೆಸರ ಬಂತು. ಬರೇ ಹೆಸರ ಹೊತ್ತು ಏನ್ ಮಾಡ್ಲಿ, ಕೆಲಸಾನೂ ಕಲ್ತೆ. ಬೈತಿದ್ದವರ ಈಗ ನಿಂಬಿಹಣ್ಣ ಹಿಡಕೊಂಡ ಬರತಾರ” ಎಂದು ಅವಳು ನಕ್ಕಳು.

ಮೀಟರಿನ ಆ ಮಾತುಗಳನ್ನು ನಾನು ಬರೆಯಲಿಲ್ಲ. ಬಿಟ್ಟು ಮುಂದೆ ಹೋದೆ. ಎರಡು ದಿನ ಆ ಹಾಳೆಯನ್ನು ಅವಳಿಗೆ ಕೊಡದೆ ಇಟ್ಟುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಹುಡುಗಿಗೆ ಎಲ್ಲ ಹೇಳಿದೆ.

“ಬಿಟ್ಟಿದ್ದನ್ನ ಬರೆದುಕೊಡಿ” ಅಂದಳು. “ಅವರು ನನ್ನ ನಂಬಿ ಹೇಳಿದ ಮಾತದು. ಅದನ್ನ ಹಿಡ್ಕೊಂಡು ನೀವು ಎಲ್ಲಿಗೂ ಹೋಗಬಾರದು.”

ಬರೆದುಕೊಟ್ಟೆ. ಮರುದಿನವೇ ಅವಳಿಗೆ ಹೇಳದೆ ಹೂಲಿಯ ಬಸ್ಸು ಹತ್ತಿದೆ. ನಿಜ ಹೇಳಿದರೆ ಮುಗಿಯಿತು, ಮಗಳು ತಾಯಿಯ ಮನೆಗೆ ಬರುತ್ತಾಳೆ ಅಂದುಕೊಂಡಿದ್ದೆ.

ಸಾಲಹಳ್ಳಿ ಕಡೆಯಿಂದ ಬಂದ ಸೊಸೆ ಎಂದು ವಿಚಾರಿಸಿದೆ, ಮನೆ ಹುಡುಕುವುದು ನನಗೆ ಕಷ್ಟವಾಗಲಿಲ್ಲ. ಮಗಳ ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ಯಾರು, ಏನು ಅಂದಿದ್ದೆ, ಇರುವೆ ಗೂಡು, ಒಂದನ್ನೂ ಮುಚ್ಚಿಡಲಿಲ್ಲ.

ಅತ್ತೆಯ ಕೈ ಮೊರದ ಮೇಲೆ ನಿಂತಿತು. “ಒಂದ ಇರಿವಿ ಗೂಡಿನ ಸಂಬಂಧ ಬೀಗತಿನ್ನ ಬಾಗಲದಿಂದ ಹೊರಳಿಸೇನಲ್ರೀ ನಾನು. ಇಷ್ಟ ವರ್ಷ ಎಲ್ಲಿದ್ರಿ?”

“ಗೊತ್ತಿರಲಿಲ್ಲ ಯವ್ವಾ.”

“ಆಡಿದಾಂವಗ ಗೊತ್ತಿರೂದಿಲ್ಲ ಬಿಡ್ರಿ.” ಸೊಸೆಯ ಕಡೆ ತಿರುಗಿದಳು. “ಸಾಲಿ ಸೂಟಿ ಬಿಟ್ಟಮ್ಯಾಲ ಮಗಳನ್ನ ಕರಕೊಂಡ ಎಂಟ ದಿನ ಹೋಗಿ ಬಾ.”

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಆಗಲೇ ಏಳಬೇಕಿತ್ತು. ಅತ್ತೆ ಸಹಜವಾಗಿ, “ಈಗ ಬೀಗತಿ ಏನ್ ಮಾಡಕೊಂಡದಾರ?” ಅಂದಳು. ಇನ್ನು ಸುಳ್ಳಾಡಬಾರದು ಎಂಬ ಹುರುಪು ನನಗೆ.

“ರಾಮದುರ್ಗದಾಗ ಒಂದು ಗುಂಪಿನ್ಯಾಗ ಅದಾರ. ಮಾಟ ಬಿಡಸ್ತಾರ. ಮಾಡೂದಿಲ್ಲ, ಬಿಡಸೂದಷ್ಟ.”

ಅತ್ತೆ ಮತ್ತೆ ಮೊರ ಕೈಗೆತ್ತಿಕೊಂಡಳು.

“ಬಿಡಸಾಕ ಬರೂವಾಕಿಗೆ ಮಾಡಾಕ ಬರೂದಿಲ್ಲೇನ್ರಿ?” ಅಂದಳು ಅತ್ತೆ, ಮೆತ್ತಗೆ. “ಅಂದ್ರ ನೀವು ಅವತ್ತ ಅಂದದ್ದು ಸುಳ್ಳಲ್ಲ.”

ನಾನು ಎಷ್ಟು ಹೇಳಿದರೂ ಅವಳು ಮತ್ತೆ ತಲೆ ಎತ್ತಲಿಲ್ಲ. ಸೊಸೆ ಒಳಗೆ ಹೋಗಿದ್ದಳು. ನಾನು ವಾಪಸ್ ಬಸ್ಸು ಹತ್ತಿದೆ. ಮೊದಲ ಸಲ ಹಾಸ್ಯಕ್ಕೆ ಅಂದಿದ್ದೆ. ಈ ಸಲ ಪಶ್ಚಾತ್ತಾಪದ ಹೆಸರಿನಲ್ಲಿ ಅದನ್ನೇ ಮಾಡಿ ಬಂದಿದ್ದೆ, ಅದೂ ಅವಳಿಗೆ ಆ ಮನೆಯ ಬಾಗಿಲು ತೆರೆದ ಮೇಲೆ.

ಹುಡುಗಿಗೆ ಹೇಳಿದಾಗ ಅವಳು ಬೈಯಲಿಲ್ಲ. ಬರೆಯಲು ಕೊಟ್ಟಿದ್ದನ್ನೆಲ್ಲ ಎತ್ತಿಕೊಂಡಳು. “ಮೊದಲು ನಾನು ರಾಮದುರ್ಗಕ್ಕೆ ಹೋಗಿ ಅವರಿಗೆ ಹೇಳ್ತೀನಿ. ಅವರು ಒಪ್ಪಿದ್ರೆ ಮಾತ್ರ ನೀವು ಬನ್ನಿ” ಅಂದಳು. ಆ ಹೆಂಗಸು ಒಪ್ಪಿದಳು.

ಅರಿವೆ ಅಂಗಡಿಯ ಮೇಲಿನ ಖೋಲಿಯಲ್ಲಿ ಅವಳೊಬ್ಬಳೇ ಕುಳಿತಿದ್ದಳು. “ಬರ್ರಿ, ಕುಂಡ್ರಿ” ಅಂದಳು. ನಾನು ಕುಳಿತುಕೊಳ್ಳಲಿಲ್ಲ. ಬೈಯಲಿ, ಶಾಪ ಹಾಕಲಿ, ಬೇಕಾದರೆ ತಾನು ಕಲಿತದ್ದನ್ನೇ ನನ್ನ ಮೇಲೆ ಮಾಡಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಹೂಲಿಯಲ್ಲಿ ನಡೆದದ್ದನ್ನು ಪೂರ್ತಿ ಹೇಳಿ ಕೈಮುಗಿದೆ. ಅವಳು ಅದಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ.

“ಮೊಮ್ಮಗಳು ಮನ್ಯಾಗ ಇದ್ಲೇನು?” ಅಂದಳು.

ಇದ್ದಳು. ಪಡಸಾಲೆಯ ಮೂಲೆಯಲ್ಲಿ ಹುಡುಗಿಯೊಬ್ಬಳು ಕುಳಿತು ಬರೆಯುತ್ತಿದ್ದಳು. ಹೌದು ಅಂದೆ.

“ಯಾರಂಗ ಅದಾಳು? ನನ್ನ ಮಗಳಂಗೋ, ಅವರಂಗೋ?”

ಹುಡುಗಿಯ ಮುಖವನ್ನು ನಾನು ಸರಿಯಾಗಿ ನೋಡಿರಲಿಲ್ಲ. ಅಲ್ಲಿದ್ದಷ್ಟು ಹೊತ್ತೂ ನನ್ನ ಕಣ್ಣು ಅತ್ತೆಯ ಮುಖದ ಮೇಲಿತ್ತು, ನನ್ನನ್ನು ಕ್ಷಮಿಸುತ್ತಾಳೋ ಇಲ್ಲವೋ ಎಂದು. “ಬರಿಯಾಕತ್ತಿದ್ಲು” ಎಂದಷ್ಟೇ ಹೇಳಿದೆ.

“ಯಾವ ಕೈಲೆ?” ಅಂದಳು.

ನೆನಪು ಮಾಡಿಕೊಳ್ಳಲು ನೋಡಿದೆ. ಅವಳು ನನ್ನ ಬಾಯನ್ನೇ ನೋಡುತ್ತ ಕಾದಳು.