ಹಾಸಿಗೆ ಅಂಗಡಿಯ ಎಂಟನೆಯ ಹಾಡು

ಹಳೆಯ ಟೇಪಿನ ಡಬ್ಬಿ ತೆರೆದರೆ ಈಗಲೂ ಲವಂಗದ ವಾಸನೆ. ಅದು ಮೂಗಿಗೆ ತಾಗಿದ್ದೇ ಮುಚ್ಚಳ ಮುಚ್ಚಿಬಿಡುತ್ತೇನೆ. ವಯಸ್ಸಾಯಿತು, ಪುಕ್ಕಲುತನ ಮಾತ್ರ ಹೋಗಲಿಲ್ಲ ನೋಡಿ!

ಎಪ್ಪತ್ತರ ದಶಕ. ನಾನು ಶಿರಾಳಕೊಪ್ಪದಲ್ಲಿ ಹೊಸ ಟೀಚರ್. ಪಕ್ಕದಲ್ಲಿ ಹಾಸಿಗೆ ಅಂಗಡಿ. ಅಂಗಡಿಯವರ ಮಗನನ್ನು ಎಲ್ಲರಂತೆ ನಾನೂ ಭಾಯ್ ಎನ್ನುತ್ತಿದ್ದೆ. ಭುಜದವರೆಗೆ ಕೂದಲು, ಕೈಯಲ್ಲಿ ಗಿಟಾರು. ಬೊಂಬಾಯಿಯ ಹೋಟೆಲುಗಳಲ್ಲಿ ತಾವೇ ಕಟ್ಟಿದ ರಾಕ್ ಹಾಡುಗಳನ್ನು ಕಿರುಚಿ ಕಿರುಚಿ ಹಾಡಿ, ಗಂಟಲಲ್ಲೊಂದು ಗಂಟು ಬೆಳೆಸಿಕೊಂಡು ಊರಿಗೆ ಬಂದಿದ್ದರು. ಆಪರೇಷನ್ ಆಗಲೇಬೇಕು, ಆಮೇಲೆ ದನಿ ಉಳಿಯುವ ಭರವಸೆ ಇಲ್ಲ ಎಂದಿದ್ದರು ಡಾಕ್ಟರು.

ಅಷ್ಟರೊಳಗೆ ಅವರಿಗೊಂದು ಹಟ. ಸಣ್ಣವರಿದ್ದಾಗ ಅಪ್ಪನ ಜೊತೆ ಹತ್ತಿ ಹಿಂಜಲು ಆನವಟ್ಟಿ ಕಡೆಯ ಹಳ್ಳಿಗಳಿಗೆ ಹೋಗಿ ಕೇಳಿದ್ದ ಗದ್ದೆ ನಾಟಿಯ ಹಾಡುಗಳು... ಅವುಗಳಲ್ಲಿ ಎಂಟನ್ನು ತಮ್ಮದೇ ರೀತಿಯಲ್ಲಿ ಹಾಡಿ ಒಂದು ಗ್ರಾಮಫೋನ್ ಪ್ಲೇಟು ತರಬೇಕು. ಹೆಡ್ಮಾಸ್ತರರನ್ನು ಕೇಳಿ ಶಾಲೆಯ ಟೇಪ್ ರೆಕಾರ್ಡರನ್ನು ನಾನೇ ಹೊತ್ತು ತಂದೆ. ಗುಂಡಿ ಒತ್ತುವವಳೂ ನಾನೇ.

"ರಕ್ತ ಕಂಡ್ರೆ ಮಾತ್ರ ಹಾಡೋದ್ ನಿಲ್ಲಿಸ್ಬೇಕಂತೆ ಟೀಚರ್. ಇಲ್ದಿದ್ರೆ ಜೀವಕ್ಕೇ ಅಪಾಯ ಅಂತಾರೆ," ಎಂದು ಮೊದಲ ದಿನವೇ ಹೇಳಿಬಿಟ್ಟರು. ಅಯ್ಯೋ, ಹೇಳದಿದ್ದರೇ ಚೆನ್ನಾಗಿತ್ತು! ಅಂದಿನಿಂದ ನಾನು ಹಾಡು ಕೇಳಲೇ ಇಲ್ಲ. ಅವರ ಬಾಯನ್ನೇ ನೋಡುತ್ತ ಕೂತೆ.

ಶುಕ್ರವಾರ ಅಂಗಡಿಗೆ ರಜೆ. ನಾನು ಶಾಲೆ ಬಿಟ್ಟು ಬಂದ ಮೇಲೆ, ಬೀದಿಯ ಸದ್ದು ಬಾರದಂತೆ ಗೋಡೆಗೆಲ್ಲ ಹಾಸಿಗೆ ಒರಗಿಸಿ ಹಾಡುತ್ತಿದ್ದರು. ಮೂರು ಶುಕ್ರವಾರಕ್ಕೆ ಏಳು ಮುಗಿದವು. ಎಂಟನೆಯದು ಆಸ್ಪತ್ರೆಗೆ ಹೊರಡುವ ದಿನಕ್ಕೆ ಉಳಿಯಿತು. ಇನ್ನೊಂದು ಸಾಲು ನೆಡುವ ತನಕ ಮುಳುಗಬೇಡಪ್ಪಾ ಎಂದು ಹೆಂಗಸರು ಸೂರ್ಯನನ್ನು ಬೇಡುವ ಹಾಡು. ದನಿ ಮೇಲೇರುತ್ತಿತ್ತು. ಅಷ್ಟರಲ್ಲಿ ತುಟಿಯಂಚಿನಿಂದ ಕೆಂಪಗೆ ಇಳಿಯಿತು...

"ಸಾಕ್ರೀ ಭಾಯ್, ಸಾಕು!" ಎಂದು ಕಿರುಚಿ ಯಂತ್ರ ನಿಲ್ಲಿಸಿಬಿಟ್ಟೆ.

ಅವರು ಕಕ್ಕಾಬಿಕ್ಕಿ. ತುಟಿ ಒರೆಸಿ, ಕರವಸ್ತ್ರ ನೋಡಿ ನಕ್ಕರು. "ಎಲೆ ಅಡಿಕೆ ರೀ ಇದು! ಗಂಟ್ಲು ಬೆಚ್ಚಗಿರ್ಲಿ ಅಂತ ಲವಂಗ ಹಾಕಿ ದವಡೇಲಿ ಇಟ್ಕೊಂಡಿದ್ದೆ. ಬೈತೀರಿ ಅಂತ ಹೇಳ್ಲಿಲ್ಲ."

ಮತ್ತೆ ಹಾಡಲು ಹೊತ್ತಿರಲಿಲ್ಲ. ಬಸ್ಸು ಬಂತೆಂದು ಅವರಪ್ಪ ಬಾಗಿಲು ಬಡಿಯುತ್ತಿದ್ದರು. "ಬಂದ್ಮೇಲೆ ಮುಗಿಸೋಣ ಬಿಡ್ರಿ, ಎಲ್ಲಿ ಹೋಗ್ತದೆ ಹಾಡು," ಎನ್ನುತ್ತ ಭಾಯ್ ಜೇಬಿನ ಲವಂಗವನ್ನೆಲ್ಲ ಟೇಪಿನ ಡಬ್ಬಿಗೆ ಸುರಿದು ನನ್ನ ಕೈಗಿಟ್ಟರು. ಆಸ್ಪತ್ರೆಯಲ್ಲಿ ಕಸಿದುಕೊಳ್ಳುತ್ತಾರಂತೆ.

ಜೀವ ಉಳಿಯಿತು, ದನಿ ಉಳಿಯಲಿಲ್ಲ. ಆಮೇಲೆ ಎಷ್ಟೋ ವರ್ಷ ಅಪ್ಪನ ಬಿಲ್ಲು ಹಿಡಿದು ಹತ್ತಿ ಹಿಂಜಿದರು. ಏಳೇ ಹಾಡಿನ ಟೇಪನ್ನು ಪ್ಲೇಟು ಕಂಪನಿಗೆ ಕಳಿಸೋಣವೇ ಎಂದರೆ ಬೇಡವೆಂದು ತಲೆಯಾಡಿಸಿ, ಬೆರಳುಗಳಲ್ಲಿ ಎಂಟು ತೋರಿಸುತ್ತಿದ್ದರು. ನನ್ನನ್ನು ಒಂದು ದಿನವೂ ದೂರಲಿಲ್ಲ. ದೂರಿದ್ದರೆ ಹಗುರಾಗುತ್ತಿದ್ದೆನೇನೋ.

ಈಗ ಭಾಯ್ ಇಲ್ಲ. ಮೊನ್ನೆ ರಿಪೇರಿ ಅಂಗಡಿಯೊಂದರಲ್ಲಿ ಟೇಪು ಹಾಕಿಸಿ ಮೊದಲ ಸಲ ಕಿವಿಗೊಟ್ಟು ಕೇಳಿದೆ. ಆ ದನಿಯಲ್ಲಿ ಎಳ್ಳಷ್ಟೂ ಹೆದರಿಕೆ ಇಲ್ಲ... ಎಂಟನೆಯ ಹಾಡು ಏರುತ್ತ ಹೋಗಿ, ಮುಳುಗಬೇಡಪ್ಪಾ ಎಂದು ಸೂರ್ಯನನ್ನು ಬೇಡುತ್ತದೆ. ಅಲ್ಲಿಗೆ ಹೆಂಗಸೊಬ್ಬಳ ಕಿರುಚು.

"ಸಾಕ್ರೀ ಭಾಯ್, ಸಾಕು!"

ಆಮೇಲೆ ಟೇಪಿನಲ್ಲಿ ಏನೂ ಇಲ್ಲ.