ಎರಡು ಸಲ ಸಜ್ಜಕ

ಮಾನ್ವಿ ಹತ್ತಿರದ ನಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಸೂಗಮ್ಮನಿಗೆ ನಲವತ್ತು ದಾಟಿದೆ. ಏಳನೇ ತರಗತಿಗೇ ಶಾಲೆ ಬಿಟ್ಟು ಕೂಲಿಗೆ ಹೋದಾಕೆ, ಮಗಳ ಪುಸ್ತಕ ಓದಿಯೇ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಈಗ ಬಿ.ಎ. ಕಟ್ಟಿದ್ದಾಳೆ. ಮುಂದಿನ ವಾರ ರಾಯಚೂರಿನಲ್ಲಿ ಇತಿಹಾಸದ ಪರೀಕ್ಷೆ.

‘ವಸಾಹತುಶಾಹಿ ಕಾಲದಲ್ಲಿ ನಮ್ಮ ಜಿಲ್ಲೆ’ ಎಂಬ ಪ್ರಬಂಧಕ್ಕೆ ಮುಖ್ಯಾಂಶ ಹಾಕಿಕೊಡಿ ಎಂದು ಆಕೆ ಕೇಳಿದಳು. ಹದಿನೈದು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಅಡುಗೆ ಕೋಣೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಸರಸರ ಬರೆದೆ: ಪ್ಲಾಸಿ ಕದನ, ೧೮೫೭ರ ದಂಗೆ, ಕ್ವಿಟ್ ಇಂಡಿಯಾ, ಕೊನೆಗೆ ೧೯೪೭ರ ಆಗಸ್ಟ್ ಹದಿನೈದು, ನಮಗೆ ಸ್ವಾತಂತ್ರ್ಯ.

“ಕಡೀ ಸಾಲು ಹೊಂದವಲ್ದು ನೋಡ್ರಿ ಸರ್,” ಎಂದಳು ಸೂಗಮ್ಮ, ಬೇಳೆ ತಿರುವುತ್ತಲೇ.

“ಯಾಕ? ಇಡೀ ದೇಶಕ್ಕ ಗೊತ್ತಿದ್ದ ತಾರೀಖು ಅದು!” ನಾನು ಸಿಡುಕಿದೆ.

“ದೇಶಕ್ಕ ಗೊತ್ತದರಿ. ಮತ್ತ ನಾ ಸ್ವಾತಂತ್ರ್ಯಕ್ಕಂತ ವರ್ಷಕ್ಕ ಎರಡು ಸಲ ಸಿಹಿ ಸಜ್ಜಕ ಯಾಕ ಮಾಡ್ತೀನ್ರಿ? ಆಗಸ್ಟ್‌ನಾಗ ಒಮ್ಮಿ, ಸೆಪ್ಟೆಂಬರ್ ಹದಿನೇಳಕ್ಕ ಇನ್ನೊಮ್ಮಿ.”

ಆಕೆ ಹೇಳಿದ್ದು ಸರಿಯೇ. ದೇಶ ಸ್ವತಂತ್ರವಾದಾಗ ನಮ್ಮ ರಾಯಚೂರು ಜಿಲ್ಲೆ ಇನ್ನೂ ನಿಜಾಮನ ಕೈಯಲ್ಲೇ ಇತ್ತು. ಭಾರತಕ್ಕೆ ಸೇರಿದ್ದು ಮರುವರ್ಷದ ಸೆಪ್ಟೆಂಬರ್ ಹದಿನೇಳಕ್ಕೆ. ಪ್ರತಿ ವರ್ಷ ಆ ದಿನ ಶಾಲೆಯಲ್ಲಿ ಧ್ವಜದ ಹಗ್ಗ ಎಳೆಯುವವನು ನಾನೇ. ಆಮೇಲೆ ಆಕೆ ಬಡಿಸಿದ ಸಜ್ಜಕ ಎರಡೆರಡು ಸಲ ಹಾಕಿಸಿಕೊಳ್ಳುವವನೂ ನಾನೇ.

ಕೊನೆಯ ಸಾಲು ಒರೆಸಿ ಸೀಮೆಸುಣ್ಣ ಆಕೆಗೆ ಕೊಟ್ಟೆ. ಸೂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಸೆಪ್ಟೆಂಬರ್ ಹದಿನೇಳನ್ನು ಎಲ್ಲಕ್ಕಿಂತ ಮೇಲೆ ಬರೆದಳು.

“ಇಲ್ಲಿಂದನ ಚಾಲೂ ಮಾಡ್ತೀನ್ರಿ ಸರ್. ಕುಂದರ್ರಿ, ನೀವೂ ಬರ್ಕೋರಿ.”