‘ರೀ’ ಎಂಬ ಟ್ರೇಡ್‌ಮಾರ್ಕು

ನನಗೆ ಅರ್ಜಿ ತುಂಬುವ ಚಟವಿದೆ. ಕೆಲವರಿಗೆ ನಶ್ಯ, ಕೆಲವರಿಗೆ ಪದಬಂಧ. ನನಗೆ ಖಾಲಿ ಚೌಕ ಕಂಡರೆ ಸಾಕು, ಕೈ ತಾನಾಗಿ ಪೆನ್ನಿನ ಟೋಪಿ ತೆಗೆಯುತ್ತದೆ. ಮೈಸೂರು ಬಿಟ್ಟು ಸಿಂಗಪುರಕ್ಕೆ ಬಂದಂದಿನಿಂದ ಮನೆಯವರ ವೀಸಾ, ಮಗಳ ಶಾಲೆ, ಕೊನೆಗೆ ಹೆಂಡತಿಯ ಲೈಬ್ರರಿ ಕಾರ್ಡಿನವರೆಗೆ ಎಲ್ಲವನ್ನೂ ದಪ್ಪಕ್ಷರಗಳಲ್ಲಿ ನಾನೇ ತುಂಬಿದ್ದೇನೆ. ವಿಮಲಾ ಸಹಿಯನ್ನಷ್ಟೇ ಹಾಕುತ್ತಾಳೆ, ಅದೂ ನಾನು ಪೆನ್ಸಿಲಿನಲ್ಲಿ ಗುರುತು ಮಾಡಿದ ಜಾಗದಲ್ಲಿ. ಇಂಥವನಿಗೆ “ಒಂದು ಅರ್ಜಿಗೆ ಲಾಯರ್ ಹಿಡೀರಿ” ಎನ್ನುವುದೆಂದರೆ, ಅಡುಗೆಯವನಿಗೆ ಊಟ ಹೋಟೆಲಿನಿಂದ ತರಿಸು ಎಂದ ಹಾಗೆ.

ಅರ್ಜಿ ಬಂದದ್ದು ಚಟ್ನಿಪುಡಿಯ ದೆಸೆಯಿಂದ. ಊರಿಗೆ ಊರೇ ಏನಾದರೊಂದು ಕಂಪನಿ ಶುರು ಮಾಡುತ್ತಿದ್ದ ಕಾಲ ಅದು. ಮಗಳು ಅನು ಬ್ಯಾಂಕಿನ ಕೆಲಸಕ್ಕೆ ಸೇರಿ ಬೇರೆ ಮನೆ ಮಾಡಿದ ಮೇಲೆ, ನಮ್ಮ ಟೋವಾ ಪಾಯೋ ಫ್ಲಾಟಿನ ಅಡುಗೆಮನೆಯಲ್ಲಿ ವಿಮಲಾ ಕಡಲೆಬೇಳೆ, ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ ಹುರಿದು ಪುಡಿ ಮಾಡಿ ಸ್ನೇಹಿತರಿಗೆ ಕೊಡತೊಡಗಿದಳು. ಸ್ನೇಹಿತರ ಸ್ನೇಹಿತರು ಕೇಳಿದರು. ಕಲ್ಲಾಂಗಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ಉಡುಪಿ ಕಡೆಯ ಉಪಾಧ್ಯರು ತಮ್ಮ ಅಂಗಡಿಯಲ್ಲೂ ಇಡುತ್ತೇನೆಂದರು. ಇಪ್ಪತ್ತು ವರ್ಷಗಳಿಂದ ಪ್ರತಿ ಅರ್ಜಿಯಲ್ಲೂ ಅವಳ ಹೆಸರಿನ ಮುಂದೆ ‘ಅವಲಂಬಿತರು’ ಎಂದು ನನ್ನ ಕೈಯಾರೆ ಬರೆದಿದ್ದೇನೆ. ಆ ಚೌಕದ ಹೊರಗೆ ಅವಳದೇ ಎಂದು ಹುಟ್ಟಿದ ಮೊದಲ ವಸ್ತು ಈ ಪುಡಿ.

ಅದಕ್ಕೆ ಹೆಸರಿಟ್ಟವರು ಪಕ್ಕದ ಮನೆಯ ಚೀನೀ ಆಂಟಿ. ನಮ್ಮ ಅಡುಗೆಮನೆಯ ಕಿಟಕಿ ಅವರ ಕಾರಿಡಾರಿಗೆ ತೆರೆದಿದೆ. “ರೀ, ಆ ಡಬ್ಬ ತೆಗ್ದುಕೊಡ್ರೀ”, “ರೀ, ಮುಚ್ಚಳ ಎಲ್ಲಿಟ್ರಿ?” ಇವೆಲ್ಲ ಅವರ ಕಿವಿಗೆ ಬಿದ್ದು, ಪುಡಿಯ ಹೆಸರು ‘ರೀ’ ಎಂದು ನಿರ್ಧರಿಸಿದರು. ಅದೇ ಹೆಸರಿಗೆ ನಾನೂ ಎದ್ದು ಬರುವುದನ್ನು ಕಂಡು, ಪುಡಿಗೆ ನನ್ನ ಹೆಸರನ್ನೇ ಇಟ್ಟಿದ್ದಾರೆಂದು ತೀರ್ಮಾನಿಸಿದರು. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ, “ಮಿಸ್ಟರ್ ರೀ! ಯುವರ್ ಪೌಡರ್ ಪಾರಿಜ್‌ಗೆ ಸೂಪರ್ ಲಾ!” ಎಂದು ತಮ್ಮ ಗಂಜಿಯ ಪರವಾಗಿ ಶಹಭಾಸ್‌ಗಿರಿ. ಅನು ನಕ್ಕು ನಕ್ಕು ಅದೇ ಹೆಸರಿನ ಲೇಬಲ್ ಪ್ರಿಂಟ್ ಮಾಡಿಸಿದಳು.

ಉಪಾಧ್ಯರು ಲೇಬಲನ್ನು ಹಿಂದೆ ಮುಂದೆ ನೋಡಿ, “ಹೆಸರು ರಿಜಿಸ್ಟರ್ ಮಾಡ್ಸಿ ಮಾರಾಯ್ರೆ, ಒಳ್ಳೆ ಲಾಯರ್ ಹಿಡೀರಿ. ಇಲ್ದಿದ್ರೆ ನಾಳೆ ಇನ್ನೊಬ್ಬ ಮಾಡಿಸ್ತಾನೆ. ಆಮೇಲೆ ನಿಮ್ಮನ್ನ ಕರೀಲಿಕ್ಕೂ ನಿಮ್ಮ ಹೆಂಡ್ತಿ ಅವನ ಪರ್ಮಿಷನ್ ಕೇಳ್ಬೇಕಾದೀತು!” ಎಂದರು.

ನಾನು ನಕ್ಕೆ. ವಿಮಲಾ ನಗಲಿಲ್ಲ. ಮನೆಗೆ ಬಂದ ಮೇಲೂ ಲೇಬಲನ್ನು ಹೆಬ್ಬೆರಳಿನಿಂದ ಸವರುತ್ತ, “ನಿಜವಾಗ್ಲೂ ಬೇರೆಯವರು ತಗೊಂಡುಬಿಡಬಹುದಾ ರೀ?” ಎಂದು ಕೇಳಿದಳು. ಅಲ್ಲಿಗೆ ವಿಷಯ ಹಾಸ್ಯದ ಎಲ್ಲೆ ದಾಟಿತು.

ಅನುವಿಗೆ ಫೋನ್ ಮಾಡಿದೆವು. “ಅಪ್ಪಾ, ಸುಮ್ನೆ ಲಾಯರ್ ಹೈರ್ ಮಾಡು ಲಾ,” ಎಂದಳು. ಈ ಊರಲ್ಲಿ ಬೆಳೆದ ಮಕ್ಕಳ ಬಾಯಲ್ಲಿ ಕಾನೂನಿನ ‘ಲಾ’ ಎಲ್ಲಿ ಮುಗಿದು ಮಾತಿನ ಬಾಲಕ್ಕೆ ಅಂಟುವ ‘ಲಾ’ ಎಲ್ಲಿ ಶುರುವಾಗುತ್ತದೆಂದು ಹೇಳುವುದು ಕಷ್ಟ. ನಾನು ಗಾಂಭೀರ್ಯದಿಂದ ಅವಳ ಸಲಹೆಯನ್ನು ತಳ್ಳಿಹಾಕಿ ಅರ್ಜಿಯ ಮುಂದೆ ಕುಳಿತೆ.

ಮೊದಲ ಪುಟ ಬೆಣ್ಣೆಯಂತೆ ಜಾರಿತು. ಎರಡನೆಯದರಲ್ಲಿ ಒಂದು ಚೌಕ: ಗುರುತಿನಲ್ಲಿ ಇಂಗ್ಲಿಷಲ್ಲದ ಪದವಿದ್ದರೆ ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಬರೆಯಿರಿ.

ಓದುಗರೇ, ‘ರೀ’ ಎಂದರೇನು? ವ್ಯಾಕರಣದ ಕಣ್ಣಿನಲ್ಲಿ ಅದು ‘ಬನ್ನಿರಿ, ಕೇಳಿರಿ’ಗಳ ಕೊನೆಯಲ್ಲಿ ನೇತಾಡುವ ಗೌರವದ ತುಂಡು. ಕ್ರಿಯಾಪದ ಯಾವಾಗಲೋ ಉದುರಿಹೋಗಿ, ಗೌರವವೊಂದೇ ಉಳಿದುಕೊಂಡಿದೆ. ಅನೇಕ ದಾಂಪತ್ಯಗಳಲ್ಲಿ ಇದರ ತಿರುಗುಮುರುಗು. ‘ಸರ್’ ಎಂದು ಬರೆದೆ. ವಿಮಲಾ ಇಣುಕಿ, “ನಾನೇನು ನಿಮ್ಮ ಆಫೀಸಿನ ಗುಮಾಸ್ತೆನಾ?” ಎಂದಳು. ಹೊಡೆದುಹಾಕಿ ‘ದಯವಿಟ್ಟು ಕೇಳಿ’ ಎಂದು ಬರೆದೆ. “ದಯವಿಟ್ಟು ಅಂತ ನಾನು ಯಾವಾಗ ಅಂದೆ?” ಅದೂ ನಿಜವೇ. ಮೊಟಕಾಗಿ ‘ರೀ’ ಎಂದರೆ ಉಪ್ಪು ಮುಗಿದಿದೆ. ಎಳೆದು ‘ರೀ...’ ಎಂದರೆ ಹಲ್ಲಿ ಕಂಡಿದೆ. ಅವಳ ಅಮ್ಮ ತೀರಿಕೊಂಡ ಸುದ್ದಿ ಬಂದ ದಿನ ಫೋನಿನ ಪಕ್ಕ ನಿಂತು ಅವಳು ಹೇಳಿದ್ದೂ ಅದೊಂದೇ ಅಕ್ಷರ, ಬೇರೇನನ್ನೂ ಹೇಳಬೇಕಾಗಿರಲಿಲ್ಲ. ಇದಕ್ಕೆಲ್ಲ ಆ ಚೌಕ ಕೊಟ್ಟಿದ್ದ ಜಾಗ ಅರ್ಧ ಗೆರೆ.

ಅದರ ಕೆಳಗೆ ಇನ್ನೊಂದು ಚೌಕ: ಇದು ಜೀವಂತ ವ್ಯಕ್ತಿಯ ಹೆಸರೆ? ಹೌದಾದರೆ ಅವರ ಒಪ್ಪಿಗೆ ಲಗತ್ತಿಸಿ. ನಾನು ಜೀವಂತನೆಂಬುದರಲ್ಲಿ ಅನುಮಾನವಿರಲಿಲ್ಲ. ಆ ಹೆಸರಿನವನೇ ಎಂಬುದಕ್ಕೆ ಇಡೀ ಮಹಡಿಯೇ ಸಾಕ್ಷಿಯಿತ್ತು. ಆದರೂ ಹೌದೆನ್ನಲೋ ಅಲ್ಲವೆನ್ನಲೋ ತಿಳಿಯದೆ, ಜನ್ಮದಲ್ಲಿ ಮೊದಲ ಬಾರಿಗೆ ಪೆನ್ನಿಗೆ ಟೋಪಿ ಹಾಕಿದೆ. ತಪ್ಪು ಮಾಡಿದರೆ ಕಳೆದುಹೋಗುವುದು ನನ್ನ ಹೆಸರಲ್ಲ, ಅವಳ ಪುಡಿಯದು. “ಲಾಯರ್ ಹತ್ರ ಹೋಗೋಣ,” ಎಂದೆ.

ವಕೀಲೆ ಅನುವಿನ ವಯಸ್ಸಿನ ಹುಡುಗಿ. ಮೊದಲ ಪ್ರಶ್ನೆಯೇ, “ಈ ಪದದ ಅರ್ಥವೇನು?” ನಾನು ಕೆಮ್ಮಿ, ಗಂಟಲು ಸರಿಮಾಡಿಕೊಂಡು ವ್ಯಾಕರಣದಿಂದ ಆರಂಭಿಸುವಷ್ಟರಲ್ಲಿ ವಿಮಲಾ, “ಅವ್ರಿಗೆ ಹೇಳ್ರೀ, ಇಂಗ್ಲಿಷಲ್ಲಿ ಅರ್ಥ ಇಲ್ಲ. ಕರೆದ್ರೆ ಇವರು ಬರ್ತಾರೆ, ಅಷ್ಟೆ,” ಎಂದಳು. ಅನುವಾದಿಸಿದೆ. ವಕೀಲೆಯ ಮುಖ ಅರಳಿತು. ಏನನ್ನೂ ವರ್ಣಿಸದ ಪದವೇ ಟ್ರೇಡ್‌ಮಾರ್ಕಿಗೆ ಬಲವಂತೆ. “ಆದರೆ ನಿಮ್ಮೂರಲ್ಲಿ ಎಲ್ಲ ಗಂಡಂದಿರನ್ನೂ ಹೀಗೇ ಕರೆಯುತ್ತಾರೆಯೆ?” ಎಂದು ಕೇಳಿದಳು.

ನಮ್ಮ ಅರ್ಜಿ ಬಿದ್ದುಹೋಯಿತು ಎಂದುಕೊಂಡೆ. ಎಲ್ಲರದೂ ಆದದ್ದು ಒಬ್ಬರ ಹೆಸರಿಗೆ ಆಗುವುದು ಹೇಗೆ? ವಿಮಲಾ ಮಾತ್ರ ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡು ಹೇಳಿದಳು: “ನಮ್ಮೂರ ಬೀದೀಲಿ ‘ರೀ’ ಅಂದ್ರೆ ಹತ್ತು ಜನ ತಿರುಗಿ ನೋಡ್ತಾರಮ್ಮ. ಎದ್ದು ಬರೋದು ಇವ್ರೊಬ್ರೇ.”

ನನ್ನ ಪರವಾದ ಈ ಸಾಕ್ಷ್ಯವನ್ನು ನಾನೇ ಇಂಗ್ಲಿಷಿಗೆ ತರಬೇಕಾಯಿತು. ದನಿ ಸ್ವಲ್ಪ ಕೈಕೊಟ್ಟಿತು. ತಪ್ಪನ್ನು ಏರ್ ಕಂಡೀಷನರ್ ಮೇಲೆ ಹಾಕಿದೆ.

ಯಾವುದಕ್ಕೂ ಇರಲೆಂದು ನನ್ನ ಒಪ್ಪಿಗೆಪತ್ರ ಬಂತು. ಅಭ್ಯಾಸಬಲದಿಂದ ನಾನು ಕೈ ಚಾಚಿದೆ. ವಕೀಲೆ ಕಾಗದವನ್ನು ನನ್ನ ಕೈ ದಾಟಿಸಿ, “ಅರ್ಜಿದಾರರು ಮೇಡಂ. ಅವರೇ ಬರೆಯಲಿ. ಇಲ್ಲಿ ನಿಮ್ಮ ಗಂಡನ ಹೆಸರು,” ಎಂದಳು.

ಮೂವತ್ತು ವರ್ಷಗಳಲ್ಲಿ ವಿಮಲಾ ನನ್ನ ಹೆಸರು ಹೇಳಿದವಳಲ್ಲ. ಬರೆಯುವ ಸಂದರ್ಭವನ್ನು, ಎಲ್ಲ ಅರ್ಜಿ ತುಂಬುವ ಮಹಾಶಯನಾದ ನಾನೇ ಬರಗೊಡಲಿಲ್ಲ. ಅವಳು ಒಮ್ಮೆ ನನ್ನ ಕಡೆ ನೋಡಿ, ಬಗ್ಗಿ, ಒಂದೊಂದೇ ಇಂಗ್ಲಿಷ್ ಅಕ್ಷರವನ್ನು ರಂಗೋಲಿಯ ಚುಕ್ಕಿಯಂತೆ ಇಟ್ಟಳು. ವಕೀಲೆ ಓದಿ, “ರಾಮಚಂದ್ರ ಅವರು... ಅವರು ಅನ್ನೋದು ಸರ್‌ನೇಮಾ?” ಎಂದಳು.

ಕಾಗದ ಕೆಟ್ಟಿತು. ಇನ್ನೊಂದು ತಂದರು. ಕೆಟ್ಟದ್ದನ್ನು ಕೇಳಿ ತೆಗೆದುಕೊಂಡು ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಹಲವು ತಿಂಗಳ ಮೇಲೆ ಹೆಸರು ನೋಂದಣಿಯಾಯಿತು, ಪ್ರಮಾಣಪತ್ರ ಡಬ್ಬಗಳ ಮೇಲಿನ ಗೋಡೆಯಲ್ಲಿದೆ. ಜೇಬಿನ ಕಾಗದ ಎಲ್ಲಿದೆಯೆಂದು ಹೇಳುವುದಿಲ್ಲ.

ಅಂದು ವಾಪಸು ಬರುವಾಗ ಎಂಆರ್‌ಟಿ ರೈಲಿನಲ್ಲಿ ಅಕ್ಕಪಕ್ಕ ಸೀಟು ಸಿಕ್ಕಿತು. ನ್ಯಾಯ ಎರಡೂ ಕಡೆಗೆ ಇರಬೇಕಲ್ಲ? ಮೂವತ್ತು ವರ್ಷ ‘ಏ, ಇಲ್ನೋಡು’ ಎಂದೇ ಕಳೆದವನು ಧೈರ್ಯ ತಂದುಕೊಂಡು, ಮೆಲ್ಲಗೆ, “ವಿಮಲಾ,” ಎಂದೆ.

ಅವಳು ಗಾಬರಿಯಾಗಿ ನನ್ನ ಹಣೆ ಮುಟ್ಟಿದಳು.

“ಯಾಕ್ರೀ? ಎದೆ ನೋವಾ?”